ಸದ್ದಿಗೆ ಮುಂಚೆ

ಹೊಳೆನರಸೀಪುರದಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವನ ಹತ್ತಿರ ಜನ ಹೇಳಿಕೊಳ್ಳದ ಸಂಗತಿಯಿಲ್ಲ. ಸತ್ತುಹೋದ ಅತ್ತೆ ಕನಸಿನಲ್ಲಿ ಬಂದು ಮಾತ್ರೆ ನಿಲ್ಲಿಸು ಅಂದಳು ಎಂದವರಿದ್ದಾರೆ. ಆಪರೇಷನ್ ಆಗುವಾಗ ನನ್ನನ್ನು ನಾನೇ ಮೇಲಿನಿಂದ ನೋಡಿದೆ ಎಂದವರಿದ್ದಾರೆ. ಎಲ್ಲರ ಮಾತಿಗೂ ಹೌದಾ ಎಂದು ತಲೆಯಾಡಿಸಿ, ಮಾತ್ರೆ ಕತ್ತರಿಸಿ, ಕವರಿಗೆ ಹಾಕಿ ಕೊಟ್ಟು ಕಳಿಸಿದ್ದೇನೆ. ಒಂದನ್ನೂ ನಂಬಿದವನಲ್ಲ. ನಂಬುವವನಲ್ಲ ಎಂಬ ಜಂಬವೂ ಸ್ವಲ್ಪ ಇತ್ತು. ಹಾಗಾಗಿ ಈಗ ನಾನು ಹೇಳುವುದನ್ನು ನೀವು ನಂಬದೇ ಹೋದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ನನ್ನ ಅಕ್ಕನನ್ನು ಹಿರೀಸಾವೆಗೆ ಕೊಟ್ಟಿದೆ. ಭಾವ ಪುಟ್ಟಸ್ವಾಮಿ ಅಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಾರೆ. ವಯಸ್ಸೆಲ್ಲ ಮಿಲ್ಲಿನ ಸದ್ದಿನಲ್ಲೇ ಕಳೆದಿದ್ದರಿಂದ ಮನೆಯಲ್ಲೂ ಕೂಗಿಯೇ ಮಾತಾಡುವ ಮನುಷ್ಯ. ಅವರು ಫೋನ್ ಮಾಡಿದರೆ ನಾನು ಅದನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದುಕೊಳ್ಳುತ್ತಿದ್ದೆ. ಊಟಕ್ಕೆ ಕೂತಾಗ "ಸಾರು" ಎಂದು ಅವರು ಕೇಳಿದರೆ ಪಕ್ಕದ ಮನೆಯವರಿಗೂ ಕೇಳಿಸುತ್ತಿತ್ತು.

ಬೀಸುವ ಕಲ್ಲು ಸವೆದು ನುಣುಪಾದಾಗ ಅದನ್ನು ಬಿಚ್ಚಿ, ಉಳಿ ಸುತ್ತಿಗೆಯಿಂದ ಕುಟ್ಟಿ ತರಿ ಮಾಡಬೇಕು. ಆ ಕೆಲಸವನ್ನು ಭಾವ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಹಾಗೆ ಕುಟ್ಟುವಾಗ ಒಂದು ದಿನ ಉಳಿಯ ತಲೆಯಿಂದ ಕಬ್ಬಿಣದ ಸಣ್ಣ ಚೂರೊಂದು ಸಿಡಿದು ಅವರ ಎಡಗೈ ಹೆಬ್ಬೆರಳಿನ ಬುಡಕ್ಕೆ ಹೊಕ್ಕಿತು. ಅಕ್ಕ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಅದನ್ನು ಮೀಟಿದಳು. ಒಂದು ಹನಿ ರಕ್ತವೂ ಸರಿಯಾಗಿ ಬರಲಿಲ್ಲವಂತೆ. ಅರಿಶಿನ ಒತ್ತಿದರು. ಸಂಜೆ ಭಾವ ಎಂದಿನಂತೆ ಕೊಟ್ಟಿಗೆ ಬಾಚಿದರು. ಗಾಯ ಮೇಲೆ ಕೂಡಿಕೊಂಡಿತು, ಎಲ್ಲರೂ ಅದನ್ನು ಮರೆತರು.

ಒಂದು ವಾರ ಕಳೆದ ಮೇಲೆ ಭಾವನಿಗೆ ದವಡೆ ಹಿಡಿದುಕೊಂಡಿತು. ಹಲ್ಲುನೋವು ಎಂದುಕೊಂಡು ಅವರು ಲವಂಗ ಕಚ್ಚಿಕೊಂಡಿದ್ದರು. ಮರುದಿನ ಮುದ್ದೆ ನುಂಗಲು ಆಗಲಿಲ್ಲ. ಅದರ ಮರುದಿನ ಬೆಳಿಗ್ಗೆ ಅಕ್ಕನ ಫೋನ್ ಬಂತು.

"ನಿಮ್ ಭಾವ ನಗ್ತಾನೇ ಅವ್ರೆ ಕಣಪ್ಪ. ಏನ್ ಏಳುದ್ರೂ ನಗ್ತಾರೆ. ಬೈದ್ರೂ ನಗ್ತಾರೆ. ನಂಗ್ಯಾಕೋ ಬಯ ಆಯ್ತದೆ. ಚನ್ರಾಯಪಟ್ಣದ ಆಸ್ಪತ್ರೆಗೆ ಕರ್ಕೊಂಡ್ ಓಯ್ತಾ ಇವ್ನಿ, ನೀನೂ ಅಲ್ಲಿಗೇ ಬಾ."

ನಾನು ಹೋಗುವ ಹೊತ್ತಿಗೆ ಇಬ್ಬರೂ ಹೊರರೋಗಿಗಳ ಬೆಂಚಿನ ಮೇಲೆ ಕೂತಿದ್ದರು. ಎದುರು ಬೆಂಚಿನಲ್ಲಿ ಮಗುವನ್ನು ಮಲಗಿಸಿಕೊಂಡಿದ್ದ ಹೆಂಗಸೊಬ್ಬಳು ಸಿಟ್ಟಿನಿಂದ, "ನಮ್ ಕಷ್ಟ ನೋಡುದ್ರೆ ನಿಮ್ಗೆ ನಗು ಬತ್ತದಾ? ಆವಾಗಿಂದ ಹಲ್ ಬುಟ್ಕೊಂಡ್ ನೋಡ್ತಾವ್ರೆ" ಎಂದು ಗೊಣಗುತ್ತಿದ್ದಳು. ನಾನು ಭಾವನ ಮುಖ ನೋಡಿದೆ. ಹುಬ್ಬು ಮೇಲಕ್ಕೆ ಹೋಗಿದ್ದವು. ತುಟಿಗಳು ಎರಡೂ ಕಡೆಗೆ ಎಳೆದುಕೊಂಡು ಹಲ್ಲು ಪೂರಾ ಕಾಣುತ್ತಿತ್ತು. ಮದುವೆ ಫೋಟೋಗೆ ಕೂತವರ ಹಾಗೆ ಅಗಲವಾದ ನಗು. ಆದರೆ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಪುಸ್ತಕದಲ್ಲಿ ಓದಿದ್ದೆ, ಡಿ.ಫಾರ್ಮಾ ಪರೀಕ್ಷೆಗೆ ಬರೆದೂ ಇದ್ದೆ. ಕಣ್ಣಾರೆ ಕಂಡದ್ದು ಅದೇ ಮೊದಲು. ಧನುರ್ವಾಯು.

ಅಲ್ಲಿನ ಡಾಕ್ಟರ್ ನಾಲಿಗೆ ಒತ್ತುವ ಕಡ್ಡಿಯನ್ನು ಹಲ್ಲಿನ ಸಂದಿಯಿಂದ ಗಂಟಲಿಗೆ ಮುಟ್ಟಿಸಿದರು. ಯಾರಿಗಾದರೂ ವಾಕರಿಕೆ ಬರಬೇಕು. ಭಾವನ ದವಡೆ ಕಟಕ್ಕನೆ ಕಡ್ಡಿಯನ್ನು ಕಚ್ಚಿ ಹಿಡಿಯಿತು. ಡಾಕ್ಟರ್ ಬೇರೇನೂ ನೋಡಲಿಲ್ಲ, ಆಂಬುಲೆನ್ಸ್ ತರಿಸಿ ಹಾಸನಕ್ಕೆ ಕಳಿಸಿದರು. ಸೈರನ್ ಹಾಕಬೇಡ ಎಂದು ಡ್ರೈವರಿಗೆ ಅವರೇ ಬಂದು ಹೇಳಿದರು.

ಹಾಸನದ ಆಸ್ಪತ್ರೆಯಲ್ಲಿ ಭಾವನನ್ನು ಉದ್ದನೆಯ ಕಾರಿಡಾರಿನ ಕೊನೆಯ ಒಂಟಿ ಕೋಣೆಯಲ್ಲಿ ಮಲಗಿಸಿದರು. ಕಿಟಕಿಗೆ ಕಪ್ಪು ಬಟ್ಟೆ, ಬಾಗಿಲಿನ ಚಿಲಕಕ್ಕೆ ಹತ್ತಿ ಸುತ್ತಿದ್ದರು. ಕೂಡಿಕೊಂಡಿದ್ದ ಗಾಯವನ್ನು ಮತ್ತೆ ಕೊಯ್ದು ತೆರೆದರು. ಅಕ್ಕನ ಪಿನ್ನಿಗೆ ಸಿಕ್ಕದೆ ಉಳಿದ ಕಬ್ಬಿಣದ ತುಣುಕು ಒಳಗೆ ಇನ್ನೂ ಇತ್ತು, ಸುತ್ತ ಮಾಂಸ ಕಪ್ಪಾಗಿತ್ತು. ಅಲ್ಲಿನ ಡಾಕ್ಟರ್ ನಡುವಯಸ್ಸಿನ ಹೆಂಗಸು, ಸಮಾಧಾನಿ. ನಮ್ಮಿಬ್ಬರನ್ನೂ ಹೊರಗೆ ಕೂರಿಸಿಕೊಂಡು ಹೇಳಿದರು.

"ಕ್ಲಾಸ್ಟ್ರಿಡಿಯಂ ಅಂತ ಬ್ಯಾಕ್ಟೀರಿಯಾಗಳ ಒಂದು ಕುಟುಂಬ ಇದೆ. ಮಣ್ಣಲ್ಲಿ, ಸಗಣಿಯಲ್ಲಿ ಇರ್ತವೆ. ಇವಕ್ಕೆ ಗಾಳಿ ಆಗಲ್ಲ. ಮೇಲೆ ಮುಚ್ಚಿಕೊಂಡ ಗಾಯ ಸಿಕ್ಕಿದ್ರೆ ಒಳಗೆ ಕೂತು ಬೆಳೀತವೆ. ಒಂದು ಜಾತಿ ಮಾಂಸ ಕೊಳೆಸುತ್ತೆ, ಇನ್ನೊಂದು ಕರುಳು ಹಿಡಿಯುತ್ತೆ. ಇವರ ಕೈಗೆ ಹೊಕ್ಕಿರೋದು ನರಕ್ಕೆ ವಿಷ ಬಿಡೋ ಜಾತಿ. ಬ್ಯಾಕ್ಟೀರಿಯಾಗೆ ಆಂಟಿಬಯೋಟಿಕ್ ಹಾಕಿದೀವಿ. ರಕ್ತದಲ್ಲಿ ಓಡಾಡ್ತಿರೋ ವಿಷಕ್ಕೆ ಇಂಜೆಕ್ಷನ್ ಕೊಟ್ಟಿದೀವಿ. ಆದ್ರೆ ಈಗಾಗಲೇ ನರಕ್ಕೆ ಅಂಟಿಕೊಂಡಿರೋ ವಿಷ ತೆಗೆಯೋಕೆ ಯಾರ ಕೈಯಲ್ಲೂ ಆಗಲ್ಲ. ನರ ತಾನೇ ಚಿಗುರಬೇಕು, ವಾರಗಟ್ಟಲೆ ಹಿಡಿಯುತ್ತೆ. ಅಲ್ಲೀತನಕ ಉಸಿರು ನಿಲ್ಲದ ಹಾಗೆ ಕಾಯೋದೇ ಚಿಕಿತ್ಸೆ. ಬೆಳಕು ಬೇಡ, ಮುಟ್ಟೋದು ಬೇಡ. ಎಲ್ಲಕ್ಕಿಂತ ಮುಖ್ಯವಾಗಿ ಸದ್ದು ಬೇಡ."

"ಸದ್ದಾದ್ರೆ ಏನಾಯ್ತದೆ?" ಎಂದು ಅಕ್ಕ ಕೇಳಿದಳು.

ಡಾಕ್ಟರ್ ಉತ್ತರ ಕೊಡುವ ಅಗತ್ಯ ಬೀಳಲಿಲ್ಲ. ಪಕ್ಕದ ವಾರ್ಡಿನಲ್ಲಿ ಯಾರೋ ಸ್ಟೂಲು ಎಳೆದರು. ಅರೆತೆರೆದ ಬಾಗಿಲಿನಿಂದ ನಾವು ನೋಡಿದೆವು. ಭಾವನ ಬೆನ್ನು ಹಾಸಿಗೆ ಬಿಟ್ಟು ಮೇಲೆದ್ದಿತು. ತಲೆ ಮತ್ತು ಹಿಮ್ಮಡಿ ಮಾತ್ರ ಹಾಸಿಗೆಗೆ ತಾಗಿ, ನಡುವಿನ ಮೈ ಬಿಲ್ಲಿನಂತೆ ಬಾಗಿ ನಿಂತಿತು. ಮುಖದ ಮೇಲೆ ಅದೇ ನಗು. ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಳುವುದಕ್ಕೂ ಸದ್ದು ಮಾಡುವಂತಿರಲಿಲ್ಲ.

ಗಂಟಲು ಬಿಗಿದು ಉಸಿರು ಕಟ್ಟುವ ಭಯವಿದ್ದುದರಿಂದ ಕತ್ತಿನಲ್ಲಿ ತೂತು ಮಾಡಿ ಕೊಳವೆ ಇಟ್ಟರು. ಮಂಪರು ಬರುವ ಔಷಧಿ ಹನಿಹನಿಯಾಗಿ ಹೋಗುತ್ತಿತ್ತು. ಕಿವಿಗೆ ಹತ್ತಿ. ಹತ್ತಿರ ಒಬ್ಬರು ಮಾತ್ರ ಇರಬಹುದಿತ್ತು. ಹಗಲು ನಾನು, ಸಂಜೆಯಿಂದ ಅಕ್ಕ ಎಂದು ಮಾಡಿಕೊಂಡೆವು. ಅಂಗಡಿಯನ್ನು ಹೆಂಡತಿ ನೋಡಿಕೊಂಡಳು. ಚಪ್ಪಲಿ ಕಾರಿಡಾರಿನ ಆಚೆ ಬಿಟ್ಟು, ಫೋನ್ ಆಫ್ ಮಾಡಿ, ಗೋಡೆಗೆ ಒರಗಿ ಕೂರಬೇಕು. ಕೆಮ್ಮು ಬಂದರೆ ಎದ್ದು ಹೊರಗೆ ಓಡಬೇಕು.

ಇಷ್ಟು ಹೇಳಿದ್ದು ಮುಂದಿನದು ನಿಮಗೆ ಅರ್ಥವಾಗಲಿ ಎಂದು.

ಒಂದು ಮಧ್ಯಾಹ್ನ ಊಟದ ಹೊತ್ತು ಕಳೆದು ಎಲ್ಲ ಸ್ತಬ್ಧವಾಗಿತ್ತು. ನಾನು ಭಾವನ ಕಡೆಗೇ ನೋಡುತ್ತಿದ್ದೆ. ಅವರ ಬೆನ್ನು ಎದ್ದಿತು, ಮೈ ಸೆಟೆಯಿತು. ಯಾವ ಸದ್ದೂ ಆಗಿಲ್ಲವಲ್ಲ ಎಂದು ನಾನು ಯೋಚಿಸುತ್ತಿರುವಾಗಲೇ ಕಾರಿಡಾರಿನಲ್ಲಿ ಯಾರದೋ ಕೈಯಿಂದ ಸ್ಟೀಲ್ ಟ್ರೇ ಬಿದ್ದು ಠಣಠಣ ಎಂದಿತು. ನನಗೇ ಹಿಂದುಮುಂದಾಗಿರಬೇಕು ಎಂದುಕೊಂಡೆ. ಮಾರನೆಯ ದಿನ ಮತ್ತೆ ಹಾಗೇ ಆಯಿತು. ಮೈ ಸೆಟೆಯಿತು, ಆಮೇಲೆ ಕಿಟಕಿಯ ಕೆಳಗೆ ನೀರಿನ ಟ್ಯಾಂಕರ್ ಹಾರ್ನ್ ಹೊಡೆಯಿತು. ಸೆಟೆತಕ್ಕೂ ಹಾರ್ನಿಗೂ ನಡುವೆ ನಾನು ಒಂದು ಉಸಿರು ಎಳೆದು ಬಿಟ್ಟಿದ್ದೆ. ಆಗ ಯೋಚನೆಗೆ ಬಿದ್ದೆ. ಟ್ಯಾಂಕರ್ ಬರುವಾಗ ನೆಲ ಅದುರುತ್ತದೆ, ಅದು ಮಂಚಕ್ಕೆ ತಾಗಿರಬಹುದು. ಮಿಲ್ಲಿನವರಲ್ಲವೇ, ಮೆಷಿನ್ನಿನ ಬೇರಿಂಗ್ ಹೋಗುವುದು ಅವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿತ್ತು. ಅಂಥದ್ದೇ ಏನೋ ಎಂದು ಸಮಾಧಾನ ಮಾಡಿಕೊಂಡೆ.

ಆದರೆ ಪಟಾಕಿಗೆ ಏನು ಹೇಳುವುದು? ರಸ್ತೆಯಲ್ಲಿ ಯಾರೋ ಏನನ್ನೋ ಗೆದ್ದ ಖುಷಿಗೆ ಪಟಾಕಿ ಹಚ್ಚಿದರು. ಬತ್ತಿ ಉರಿಯುವಾಗ ಯಾವ ನೆಲ ಅದುರುತ್ತದೆ? ಮೊದಲು ಭಾವನ ಮೈ ಬಿಗಿಯಿತು, ಆಮೇಲೆ ಪಟಾಕಿ ಸಿಡಿಯಿತು.

ಆ ಕೋಣೆಯ ನರ್ಸ್ ಪ್ರೇಮ ಅಂತ, ಅರಕಲಗೂಡಿನ ಕಡೆಯವರು. ಧೈರ್ಯ ಮಾಡಿ ಅವರನ್ನು ಹೊರಗೆ ಕರೆದು ಹೇಳಿದೆ. ಅವರು ನಗಲಿಲ್ಲ. ಪಿಸುಮಾತಿನಲ್ಲೇ ಸಮಾಧಾನ ಹೇಳಿದರು.

"ಸೆಟೆತ ಸುಮ್ಮನೂ ಬರುತ್ತೆ ಸಾರ್. ಆಸ್ಪತ್ರೆ ಅಂದ್ಮೇಲೆ ಏನಾದ್ರೂ ಒಂದ್ ಸದ್ದು ಆಗ್ತಾನೇ ಇರುತ್ತೆ. ಕಾದು ಕೂತ್ಕೊಂಡವರಿಗೆ ಎರಡೂ ಒಂದಕ್ಕೊಂದು ಸೇರ್ಕೊಂಡ್ಬಿಡ್ತವೆ. ನೀವ್ ಸರಿಯಾಗಿ ನಿದ್ದೆ ಮಾಡಿಲ್ಲ."

ಮಾತು ಸರಿಯಾಗಿಯೇ ಇತ್ತು. ಯಾವ ಸದ್ದಿಗೂ ಹೊಂದದೆ ಬಂದುಹೋದ ಸಣ್ಣ ಸೆಟೆತಗಳೂ ಇದ್ದವು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೂ ಅಂದಿನಿಂದ ನನಗೊಂದು ಅಭ್ಯಾಸವೇ ಆಗಿಹೋಯಿತು. ಭಾವನ ಮೈ ಜೋರಾಗಿ ಬಿಗಿದರೆ ನಾನು ನನ್ನ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಮುಚ್ಚಿಕೊಂಡ ಮೇಲೆ ಎಲ್ಲೋ ಬಾಗಿಲು ಬಡಿಯುತ್ತಿತ್ತು. ಅಕ್ಕನಿಗೆ ನಾನು ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಅವಳಿಗೆ ಗಂಡ ಬದುಕುತ್ತಾನೋ ಇಲ್ಲವೋ ಎನ್ನುವುದೊಂದೇ ಇತ್ತು.

ಅಷ್ಟರಲ್ಲಿ ಊರಿನಿಂದ ಅಕ್ಕನಿಗೆ ಕರೆ ಬರತೊಡಗಿತು. ಮಿಲ್ಲಿನಲ್ಲಿ ಜನ ಬಿಟ್ಟುಹೋಗಿದ್ದ ರಾಗಿ ಮೂಟೆಗಳು ಹಾಗೇ ಬಿದ್ದಿದ್ದವು. ಯಾರದೋ ಮನೆಯಲ್ಲಿ ತಿಥಿ, ಯಾರಿಗೋ ಮಗಳ ಬಾಣಂತನ. ಅಕ್ಕನಿಗೂ ಮಿಲ್ಲು ಓಡಿಸಲು ಬರುತ್ತಿತ್ತು.

"ಒಂದ್ ದಿನ ಓಗಿ ಇರೋಷ್ಟು ಬೀಸಾಕ್ಬುಟ್ಟು, ಬಟ್ಟೆಬರೆ ತಕೊಂಡು ಸಂಜೆ ಬಸ್ಸಿಗೆ ಬಂದ್ಬುಡ್ತೀನಿ. ನೀನ್ ಅವ್ರ್ನ ಬುಟ್ಟು ಎಲ್ಲೂ ಅಳ್ಳಾಡ್ಬ್ಯಾಡ" ಎಂದು ಹೇಳಿ ಬೆಳಿಗ್ಗೆಯೇ ಹೊರಟಳು.

ಅವತ್ತು ಭಾವ ಹಿಂದಿನ ದಿನಗಳಿಗಿಂತ ಮೇಲಾಗಿದ್ದರು. ಪ್ರೇಮ ಸಿಸ್ಟರ್ ಕೂಡ ಹೆಬ್ಬೆರಳು ಎತ್ತಿ ತೋರಿಸಿ ಹೋಗಿದ್ದರು. ಮಧ್ಯಾಹ್ನ ಇಳಿಯುತ್ತಿದ್ದ ಹೊತ್ತು. ನಾನು ಅವರ ಎದೆ ಏರಿ ಇಳಿಯುವುದನ್ನೇ ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ಅವರ ಕಣ್ಣು ಪೂರ್ತಿ ತೆರೆದವು. ಅದುವರೆಗೆ ಮಂಪರಿನಲ್ಲಿ ಅರೆಮುಚ್ಚಿದ್ದ ಕಣ್ಣುಗಳು. ಆಮೇಲೆ ಮೈ ಎದ್ದಿತು. ಅಷ್ಟು ಜೋರಾಗಿ ಎದ್ದದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಮಂಚದ ಕಬ್ಬಿಣ ಕಿರ್ರೆಂದಿತು. ನಾನು ಅಭ್ಯಾಸದಂತೆ ಎರಡೂ ಕಿವಿ ಮುಚ್ಚಿಕೊಂಡು ಕಾದೆ.

ಏನೂ ಬರಲಿಲ್ಲ.

ಕೈ ತೆಗೆದೆ. ಕಾರಿಡಾರಿನಲ್ಲಿ ಹೆಜ್ಜೆಯ ಸಪ್ಪಳವೂ ಇರಲಿಲ್ಲ. ಭಾವನ ಮೈ ಇಳಿಯಲಿಲ್ಲ. ಮುಖ ನೀಲಿಯಾಗತೊಡಗಿತು. ಪ್ರೇಮ ಓಡಿಬಂದರು, ಹಿಂದೆಯೇ ಡಾಕ್ಟರ್. "ನೀವು ಆಚೆ ಇರಿ" ಎಂದು ನನ್ನನ್ನು ದೂಡಿದರು. ಮೈ ಪೂರಾ ಸಡಿಲಾಗುವ ಔಷಧಿ ಕೊಟ್ಟು ಉಸಿರಾಟದ ಮೆಷಿನ್ನಿಗೆ ಹಾಕುತ್ತಿದ್ದಾರೆ ಎನ್ನುವುದು ಅವರ ಮಾತಿನಿಂದ ಗೊತ್ತಾಯಿತು. ಬಾಗಿಲು ಮುಚ್ಚಿತು.

ಭಾವ ಹೋದರು ಎಂದೇ ನನಗನ್ನಿಸಿತು. ಅಕ್ಕ ಇಲ್ಲದ ಹೊತ್ತಿನಲ್ಲೇ ಹೀಗಾಗಬೇಕೇ? ಬರಿಗಾಲಿನಲ್ಲೇ ಕಾರಿಡಾರ್ ದಾಟಿ ಮೆಟ್ಟಿಲಿನ ಹತ್ತಿರ ಹೋಗಿ ಫೋನ್ ಆನ್ ಮಾಡಿದೆ. ಅದು ಆನ್ ಆಗುವಷ್ಟರಲ್ಲಿ ಜೀವ ಹೋದ ಹಾಗಾಯಿತು. ಅಕ್ಕನಿಗೆ ಕರೆ ಮಾಡಿದೆ. ರಿಂಗಾಗಿ ನಿಂತುಹೋಯಿತು. ಮತ್ತೆ ಮಾಡಿದೆ. ಈ ಸಲ ತೆಗೆದಳು. ಫೋನಿನ ತುಂಬ ಮಿಲ್ಲಿನ ಸದ್ದು. ನಾನು ಕೂಗಿದೆ, ಅವಳಿಗೆ ಕೇಳಿಸಲಿಲ್ಲ.

"ತಡಿ ತಡಿ, ಏನೂ ಕೇಳಾಕಿಲ್ಲ ಕಣಪ್ಪ. ಈಚೆಗ್ ಬತ್ತೀನಿ ತಡಿ."

ಸದ್ದು ಸ್ವಲ್ಪ ಸ್ವಲ್ಪವೇ ತೆಳುವಾಯಿತು. ಅವಳ ಉಸಿರು ಕೇಳಿಸಿತು. "ಊಂ, ಈಗ್ ಏಳು. ಏನಾಯ್ತು? ಎಂಗವ್ರೆ?"

"ಭಾವನಿಗೆ..." ಎಂದು ಶುರು ಮಾಡಿದೆ. ಆಗ ಆ ಸದ್ದು ಬಂತು. ಫೋನಿನೊಳಗಿಂದ. ಬಾಂಬ್ ಬಿದ್ದ ಹಾಗೆ ಒಂದು ಹೊಡೆತ, ಅದರ ಬೆನ್ನಿಗೆ ತಗಡು ಹರಿದ ಸದ್ದು, ಕಲ್ಲು ಗೋಡೆಗೆ ಅಪ್ಪಳಿಸಿದ ಸದ್ದು. ಫೋನ್ ನನ್ನ ಕೈಯಿಂದ ಜಾರಿ ಮೆಟ್ಟಿಲ ಮೇಲೆ ಬಿತ್ತು. ಎತ್ತಿಕೊಂಡು "ಅಕ್ಕಾ, ಅಕ್ಕಾ" ಎಂದು ಕಿರುಚಿದೆ. ಸದ್ದು ಮಾಡಬಾರದ ಆಸ್ಪತ್ರೆಯಲ್ಲಿ ಹುಚ್ಚನ ಹಾಗೆ ಕಿರುಚಿದೆ. ಆ ಕಡೆ ಯಾರೋ ಗಂಡಸು ಕೂಗುತ್ತಿದ್ದ. ನಾಯಿ ಬೊಗಳುತ್ತಿತ್ತು. ಅಕ್ಕನ ದನಿಯಿಲ್ಲ.

ಎಷ್ಟೋ ಹೊತ್ತಿನ ಮೇಲೆ ಎಂದು ನನಗನ್ನಿಸಿತು. ಕ್ಷಣಗಳೇ ಇರಬೇಕು. ಅವಳು ಮಾತಾಡಿದಳು. ಹಲ್ಲಿಗೆ ಹಲ್ಲು ತಾಗುತ್ತಿದ್ದದ್ದು ಫೋನಿನಲ್ಲೇ ಕೇಳಿಸುತ್ತಿತ್ತು.

"ಕಲ್ಲು ಒಡ್ದೋಯ್ತು ಕಣೋ. ನಾನ್ ನಿಂತಿದ್ದ ಜಾಗ್ದಲ್ಲೇ ಬಂದ್ ಬಿದ್ದದೆ. ಗ್ವಾಡೆ ತೂತಾಗೋಗದೆ. ಈಗ್ತಾನೇ ಅಲ್ಲಿದ್ದೆ ಕಣೋ, ಈಗ್ತಾನೇ ಈಚೆಗ್ ಬಂದೆ."

ಮೂಟೆ ಇಳಿಸಲು ಬಂದಿದ್ದವನು ಬಾಗಿಲಿನ ಆಚೆ ಬೀಡಿ ಸೇದುತ್ತಿದ್ದನಂತೆ, ಅವನಿಗೂ ಏನೂ ಆಗಿರಲಿಲ್ಲ. ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಯಾರೋ ನೀರು ಕೊಟ್ಟರು. ಭಾವನ ಮೈ ಬಿಗಿದಾಗ ನಾನು ಯಾವ ಸದ್ದಿಗೆ ಕಿವಿ ಮುಚ್ಚಿಕೊಂಡು ಕಾದೆನೋ, ಫೋನಿನಲ್ಲಿ ಕೇಳಿದ್ದು ಆ ಸದ್ದೇ ಇರಬಹುದು ಎಂದು ಹೊಳೆದಾಗ ನನಗೆ ಮತ್ತೆ ಆ ಕೋಣೆಯೊಳಗೆ ಹೋಗಲು ಕಾಲು ಬರಲಿಲ್ಲ.

ಸಂಜೆ ಅಕ್ಕ ಬಂದಳು. ಸೀರೆಯ ತುಂಬ ಹಿಟ್ಟು, ತಲೆಗೂದಲಿನಲ್ಲೂ ಹಿಟ್ಟು. ನನ್ನ ಕೈ ಹಿಡಿದುಕೊಂಡು ಒಂದೇ ಮಾತು. "ನೀನ್ ಫೋನ್ ಮಾಡ್ಲಿಲ್ಲ ಅಂದಿದ್ರೆ ನಾನ್ ಇರ್ತಿರ್ಲಿಲ್ಲ." ಕಲ್ಲಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು, ಕುಟ್ಟುವಾಗಲೇ ಬಿಟ್ಟಿರಬೇಕು ಎಂದು ಆಮೇಲೆ ನೋಡಿದ ಮೆಕ್ಯಾನಿಕ್ ಹೇಳಿದ. ಅದೇನೂ ವಿಚಿತ್ರವಲ್ಲ. ಕಲ್ಲು ಒಡೆಯುವುದುಂಟು.

ಭಾವ ಬದುಕಿದರು. ಮೆಷಿನ್ನಿನಿಂದ ಹೊರಬಂದ ಮೇಲೆ ಸೆಟೆತ ದಿನದಿನಕ್ಕೆ ಕಡಿಮೆಯಾಯಿತು. ಮುಖದ ಆ ನಗು ಕೊನೆಗೆ ಹೋಯಿತು. ಅದು ಹೋದ ದಿನ ಅಕ್ಕ, "ಅಬ್ಬ, ಮುಖ ಸಿಂಡ್ರುಸ್ಕೊಂಡ್ರು ನೋಡು" ಎಂದು ಅತ್ತುಬಿಟ್ಟಳು. ಕತ್ತಿನ ಕೊಳವೆ ತೆಗೆದರು. ಈ ಕಾಯಿಲೆ ಒಂದು ಸಲ ಬಂದರೂ ಮೈಗೆ ರಕ್ಷಣೆ ಬರುವುದಿಲ್ಲ ಎಂದು ಹೇಳಿ, ಮನೆಗೆ ಕಳಿಸುವ ಮೊದಲು ಲಸಿಕೆ ಚುಚ್ಚಿದರು. ನಮ್ಮಿಬ್ಬರಿಗೂ ಚುಚ್ಚಿದರು.

ಕೆಲವು ತಿಂಗಳು ಕಳೆದು ನಾನು ಹಿರೀಸಾವೆಗೆ ಹೋಗಿದ್ದೆ. ಭಾವ ಇಳಿದುಹೋಗಿದ್ದರು, ಕೋಲು ಊರಿಕೊಂಡು ನಡೆಯುತ್ತಿದ್ದರು. ದನಿಯೂ ಸಣ್ಣಗಾಗಿತ್ತು. ಬಿಸಿಲು ಕಾಯುತ್ತಾ ಜಗುಲಿಯ ಮೇಲೆ ಕೂತಿದ್ದೆವು. ಅಕ್ಕ ಒಳಗಿದ್ದಳು. ಆಸ್ಪತ್ರೆಯಲ್ಲಿ ನಾನು ಕಂಡದ್ದನ್ನು ಅವರಿಗೆ ನಾನು ಹೇಳಿರಲೇ ಇಲ್ಲ, ಇದು ನಿಮಗೆ ತಿಳಿದಿರಲಿ. ಅವರೇ ಶುರು ಮಾಡಿದರು.

"ಒಂದ್ ಮಾತ್ ಏಳ್ತೀನಿ, ನಗ್ಬ್ಯಾಡ ಕಣ್ಲಾ. ಅಲ್ಲಿ ಮಲ್ಗಿದ್ದಾಗ ಒಂದೊಂದ್ ಸದ್ದೂ ನಂಗೆ ಎರಡೆರಡ್ ಸಲ ಕೇಳ್ತಿತ್ತು."

"ಎರಡು ಸಲ ಅಂದ್ರೆ?"

"ಮೊದಲ್ನೇದು ಇಲ್ಲಿ" ಎಂದು ಎದೆ ಮುಟ್ಟಿಕೊಂಡರು. "ಅದು ಕೇಳ್ದೇಟ್ಗೇ ಮೈ ಬಿಗ್ಯೋದು. ಎರಡ್ನೇದು ಆಮೇಲೆ, ಎಲ್ಲಾರ್ಗೂ ಕೇಳೋ ಅಂಗೆ ಈಚೆಯಿಂದ ಬರೋದು. ಎರಡ್ನೇದು ಬಂದ್ರೆ ಮುಗೀತು ಅಂತ ನಂಗೆ ಒಸಿ ಸಮಾದಾನ. ಆದ್ರೆ ಒಂದ್ ಸದ್ದು ಮಾತ್ರ... ಭಾರಿ ದೊಡ್ಡದು ಕಣ್ಲಾ. ಅದ್ರುದ್ದು ಎರಡ್ನೇದು ಬರ್ಲೇ ಇಲ್ಲ. ಬತ್ತದೆ ಬತ್ತದೆ ಅಂತ ಕಾಯ್ತಾ ಇದ್ದೆ. ಅಷ್ಟ್ರಲ್ಲಿ ಎಚ್ರ ತಪ್ತು."

ಎರಡನೆಯದು ನನಗೆ ಬಂತು ಭಾವ, ಮೆಟ್ಟಿಲ ಹತ್ತಿರ, ಫೋನಿನಲ್ಲಿ ಬಂತು ಎಂದು ಹೇಳಬೇಕೆಂದುಕೊಂಡೆ. ಆಗಲಿಲ್ಲ. "ಯಾವ ಥರದ ಸದ್ದು?" ಎಂದಷ್ಟೇ ಕೇಳಿದೆ. ಅವರು ಒಳಗೆ ಅಕ್ಕ ಪಾತ್ರೆ ತೊಳೆಯುತ್ತಿದ್ದ ಕಡೆಗೆ ಒಮ್ಮೆ ನೋಡಿ, "ಬ್ಯಾಡ ಬುಡು" ಎಂದರು.

ಹಾಸನಕ್ಕೆ ಹೋದಾಗ ಆ ಡಾಕ್ಟರನ್ನು ಒಮ್ಮೆ ಕೇಳಿದೆ. ಮಂಪರಿನ ಔಷಧಿ ಮಿದುಳಿನಲ್ಲಿ ಕಾಲವನ್ನೇ ಕಲಸಿಬಿಡುತ್ತದೆ, ಹಿಂದಿನದು ಮುಂದೆ, ಮುಂದಿನದು ಹಿಂದೆ ಆಗುತ್ತದೆ, ರೋಗಿಗಳು ಇಂಥದ್ದು ಬಹಳ ಹೇಳುತ್ತಾರೆ ಎಂದು ಬಿಡಿಸಿ ಹೇಳಿದರು. ಭಾವನ ಮಾತಿನ ಮಟ್ಟಿಗೆ ಅದನ್ನು ನಾನು ಒಪ್ಪುತ್ತೇನೆ. ಆದರೆ ಆ ಔಷಧಿಯನ್ನು ನಾನು ತೆಗೆದುಕೊಂಡಿರಲಿಲ್ಲವಲ್ಲ. ಹಾಸನದಿಂದ ಹಿರೀಸಾವೆಗೆ ಬಸ್ಸಿನಲ್ಲಿ ಹೋಗಲೇ ಗಂಟೆಗೂ ಮೇಲೆ ಹಿಡಿಯುತ್ತದೆ, ಅಲ್ಲಿನ ಸದ್ದು ಇಲ್ಲಿಗೆ ಕೇಳುವ ಮಾತೇ ಇಲ್ಲ. ಅಲ್ಲಿ ಕಲ್ಲು ಇನ್ನೂ ತಿರುಗುತ್ತಲೇ ಇತ್ತು, ಅದು ನನ್ನ ಕಿವಿಗೇ ಕೇಳಿಸಿದೆ. ಇಲ್ಲಿ ಅವರ ಮೈ ಅಷ್ಟರಲ್ಲಾಗಲೇ ಬಿಗಿದು, ಡಾಕ್ಟರ್ ಬಂದು, ನನ್ನನ್ನು ಆಚೆ ಕಳಿಸಿ ಆಗಿತ್ತು.

ಅಕ್ಕ ಈಗಲೂ ಬಂಧುಬಳಗದವರ ಮುಂದೆಲ್ಲ ನನ್ನನ್ನು ತೋರಿಸಿ, "ಇವ್ನ್ ಫೋನ್ ಮಾಡಿ ನನ್ ಜೀವ ಉಳ್ಸ್ದ" ಎನ್ನುತ್ತಾಳೆ. ಆಗೆಲ್ಲ ನಾನು ಭಾವನ ಕಡೆ ನೋಡುತ್ತೇನೆ. ಅವರು ನೆಲ ನೋಡುತ್ತಿರುತ್ತಾರೆ. ಫೋನ್ ಮಾಡಿದ್ದು ನಾನೇ, ಅದು ನಿಜ. ಅದನ್ನು ಮಾಡಿಸಿದ ಆ ಸೆಟೆತ ಯಾವ ಸದ್ದಿಗೆ ಬಂತು ಎನ್ನುವುದನ್ನು ಅವಳಿಗೆ ಹೇಗೆ ಹೇಳಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.